ಆಣೆ ಮಾಡಿಸದೆ ಕುಡಿತ ಬಿಡಿಸುವುದು: ಬಾಗಲಕೋಟೆ ಕಡೆಯ ನಮ್ಮ ಕ್ರಮ

ಕುಡಿಯುವವನನ್ನು ನಮ್ಮ ಕ್ರೈಸ್ತ ದೇವಾಲಯಕ್ಕೆ ಕರೆತಂದ ಮನೆಯವರು ಮೊದಲು ಕೇಳುವುದು ಒಂದೇ ಮಾತು: “ಅಯ್ಯನವರ, ಸತ್ಯವೇದದ ಮ್ಯಾಲೆ ಕೈ ಇಡಿಸಿ ಆಣಿ ಮಾಡಸ್ರಿ.” ನಾವು ಮಾಡಿಸುವುದಿಲ್ಲ. ಆಣೆಯನ್ನೇ ಇಡಬೇಡಿರಿ, ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಎಂದಿರಲಿ ಎಂದು ಯೇಸು ಹೇಳಿದ್ದು ಸತ್ಯವೇದದ, ಅಂದರೆ ಬೈಬಲ್ಲಿನ, ಮತ್ತಾಯ 5ನೇ ಅಧ್ಯಾಯದಲ್ಲೇ ಇದೆ. ಅನುಭವವೂ ಅದನ್ನೇ ಹೇಳುತ್ತದೆ. ಆಣೆ ಮುರಿಯುವುದು ಸಾಮಾನ್ಯವಾಗಿ ಮೊದಲ ಬಟವಾಡೆಯ ದಿನ. ಮುರಿದ ಮೇಲೆ ದೇವರ ಮುಂದೆ ನಿಲ್ಲುವ ಮುಖ ಉಳಿಯಲಿಲ್ಲವೆಂದು ಆತ ದೇವಾಲಯವನ್ನೂ ಬಿಡುತ್ತಾನೆ. ಆಣೆಯ ಬದಲು ನಾವು ಬೆಳಿಗ್ಗೆ ಒಂದು ಮಾತು ಕೇಳುತ್ತೇವೆ: ಇವತ್ತು? ಅಂದರೆ, ಇವತ್ತೊಂದು ದಿನ ಕುಡಿಯದೆ ಇರುತ್ತೀಯಾ? ಕರ್ತನ ಪ್ರಾರ್ಥನೆಯಲ್ಲಿ ನಾವು ಬೇಡುವ ಆಹಾರವೂ ಆ ದಿನದ್ದಷ್ಟೇ.

ಆದರೆ ಎಲ್ಲಕ್ಕೂ ಮೊದಲು ಡಾಕ್ಟರ್. ಪ್ರಾರ್ಥನೆ ಮಾಡಿ ಬಾಟ್ಲಿ ಚೆಲ್ಲಿಸಿ ಮನೆಗೆ ಕಳಿಸುವವರಿಗೆ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸಿನಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಕೇಳುವುದು, ಸನ್ನಿ ಹಿಡಿದಂತೆ ಆಡುವುದು ಬರಬಹುದು. ಇದರಿಂದ ಪ್ರಾಣವೇ ಹೋಗಬಹುದು. ಇದನ್ನು ದೆವ್ವದ ಕಾಟವೆಂದು ತಿಳಿದು ರಾತ್ರಿಯಿಡೀ ಬಿಡಿಸುವ ಪ್ರಾರ್ಥನೆಗೆ ಕೂಡ್ರಿಸಿಕೊಳ್ಳುವವರಿದ್ದಾರೆ. ಅವನಿಗೆ ಬೇಕಾದದ್ದು ಆಸ್ಪತ್ರೆಯ ಹಾಸಿಗೆ. ಪ್ರಾರ್ಥನೆಯನ್ನು ಆ ಹಾಸಿಗೆಯ ಪಕ್ಕದಲ್ಲೇ ಮಾಡಬಹುದು.

ಜೊತೆಗೆ ಹೋದವರು ಕುಡಿತದ ವಿಷಯವನ್ನು ಮುಚ್ಚಿಡಬಾರದು. “ನಿಶ್ಶಕ್ತಿ ಐತ್ರಿ, ಒಂದು ಸಲಾಯಿನ್ ಹಚ್ರಿ” ಎಂದಷ್ಟೇ ಹೇಳಿದರೆ ಬರೀ ಗ್ಲೂಕೋಸ್ ಏರಬಹುದು. ಬಹಳ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ಇನ್ನೊಂದು ತಪ್ಪು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ಗಂಡನಿಗೆ ಗೊತ್ತಿಲ್ಲದಂತೆ ಪಲ್ಯದಲ್ಲಿ ಕಲಸುವುದು. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ಡಾಕ್ಟರ್ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವ ಔಷಧ ಅದು. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅಥವಾ ನಶಾ ಮುಕ್ತ ಸಹಾಯವಾಣಿ 14446ಕ್ಕೆ ಫೋನ್ ಹಚ್ಚಿರಿ.

ಮೈ ಸ್ಥಿರವಾದ ಮೇಲೆ ನಂಬಿಕೆಯ ಕೆಲಸ ಶುರು. ಅದರ ಹೊತ್ತು ಸಂಜೆ ಆರರಿಂದ ಒಂಬತ್ತು. ಗುಳೇದಗುಡ್ಡದ ಖಣ ನೇಯುವವನಿಗೂ ಗದ್ದೆಯಿಂದ ಬಂದ ಕಬ್ಬಿನ ಗ್ಯಾಂಗಿನವನಿಗೂ ಕೈ ಖಾಲಿಯಾಗುವುದು ಆಗಲೇ. ಕುಡಿಯಬೇಕೆಂಬ ಸೆಳೆತ ಏರಿ ಇಳಿಯಲು ಸಾಮಾನ್ಯವಾಗಿ ಹದಿನೈದು ನಿಮಿಷದಿಂದ ಅರ್ಧ ತಾಸು, ಅಷ್ಟನ್ನು ದಾಟಿಸಬೇಕು. ಮೊದಲು ಹೊಟ್ಟೆಗೆ ಹಾಕಿ: ಒಂದು ರೊಟ್ಟಿ, ಇಲ್ಲವೇ ಒಂದು ಹಿಡಿ ಶೇಂಗಾ, ಬೆಲ್ಲ. ಹಸಿದ ಹೊಟ್ಟೆಯಲ್ಲಿ ಯಾವ ವಚನವೂ ಇಳಿಯುವುದಿಲ್ಲ. ಆಮೇಲೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಬಾಯಿಬಿಟ್ಟು, ಸಾವಕಾಶ, ಮೂರು ಸಲ. 130ನೆಯದು ಎಂಟೇ ವಚನ. ಓದು ಬಾರದವರಿಗೆ ಆರು ವಚನದ 23ನೆಯದನ್ನು ಬಾಯಿಪಾಠ ಮಾಡಿಸುತ್ತೇವೆ. ಮೊದಲ ತಿಂಗಳು ಸ್ತೋತ್ರ, ಜಯದ ಹಾಡು ನಾನು ಆರಿಸುವುದಿಲ್ಲ. ನಿದ್ದೆಯಿಲ್ಲದೆ, ಸಾಲದಲ್ಲಿ ಮುಳುಗಿದವನಿಂದ ಸಂತೋಷದ ನಟನೆ ಮಾಡಿಸಿದರೆ ಸುಳ್ಳು ಕಲಿಸಿದಂತೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಹಾಗೆಯೂ ದೇವರ ಹತ್ತಿರ ಮಾತಾಡಬಹುದು ಎಂದು ತಿಳಿದವನು ನಾಳೆಯೂ ಬರುತ್ತಾನೆ.

ತಪ್ಪಿನ ಅರಿಕೆ ಒಬ್ಬರ ಮುಂದೆ ಸಾಕು. ಯಾಕೋಬನ ಪತ್ರಿಕೆ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎನ್ನುತ್ತದೆ. ಮೈಕಿನ ಮುಂದೆ ಎನ್ನುವುದಿಲ್ಲ. ಬಿಟ್ಟು ತಿಂಗಳಾಗುವ ಮೊದಲೇ ಸಾಕ್ಷಿ ಹೇಳಿಸಿ ಚಪ್ಪಾಳೆ ತಟ್ಟುವುದು ನಮ್ಮ ಸಭೆಗಳ ದೊಡ್ಡ ತಪ್ಪು. ಚಪ್ಪಾಳೆ ಪಡೆದವನು ಮತ್ತೆ ಜಾರಿದಾಗ ಅದನ್ನು ಅಡಗಿಸುತ್ತಾನೆ, ಅಡಗಿಸಿದ ಕುಡಿತ ಬೇಗ ಬಲಿಯುತ್ತದೆ. ಒಂದು ವರ್ಷ ದಾಟಲಿ. ಆಗಲೂ ಅವನಾಗಿ ಕೇಳಿದರೆ ಮಾತ್ರ.

ಸಾಲದ ವಿಷಯಕ್ಕೆ ಲೂಕ 19ರ ಸುಂಕದವನಾದ ಜಕ್ಕಾಯನನ್ನು ಓದುತ್ತೇವೆ. ಅವನ ಪಶ್ಚಾತ್ತಾಪ ಲೆಕ್ಕದಿಂದ ಶುರುವಾಯಿತು: ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ನಮ್ಮವರ ಕೈಯಲ್ಲಿ ಅಷ್ಟಿರುವುದಿಲ್ಲ, ಆದರೆ ಒಂದು ವಹಿ ಇರಬೇಕು. ಯಾರಿಗೆ, ಅಸಲು ಎಷ್ಟು, ಬಡ್ಡಿ ಎಷ್ಟು, ವಾರಕ್ಕೆ ಎಷ್ಟು ಒಪ್ಪಿದೆ. ಮೊದಲು ತೀರಿಸಬೇಕಾದದ್ದು ಕಿರಾಣಿ ಅಂಗಡಿಯ ಉದ್ರಿ, ಏಕೆಂದರೆ ಮನೆಗೆ ಜೋಳ ಬರುವುದು ಅಲ್ಲಿಂದ. ಹಳೆಯದನ್ನು ತೀರಿಸಲು ಸಂಘದಿಂದ ಹೊಸ ಸಾಲ ಎತ್ತಬಾರದು. ಬಟವಾಡೆಯ ದಿನ ಜೊತೆಗಾರನೊಬ್ಬ ಹೋಗಿ, ಪಗಾರ ನೇರವಾಗಿ ಮನೆಗೆ ಮುಟ್ಟುವಂತೆ ನೋಡಿಕೊಳ್ಳುತ್ತಾನೆ. ಸಾರಾಯಿ 2007ರಲ್ಲೇ ಬಂದಾಗಿದ್ದರೂ ಅಗ್ಗದ ಮದ್ಯದ 90 ಎಂ.ಎಲ್. ಪಾಕೀಟು ಅಂಗಡಿಯ ಮರೆಯಲ್ಲಿ ಸಿಗುತ್ತದೆ. ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಕು.

ಹೆಂಡತಿಯ ಕ್ಷಮೆಯನ್ನು ಯಾರೂ ಅವಸರ ಮಾಡಬಾರದು. “ಕ್ಷಮಿಸವ್ವಾ, ಹೊಳ್ಳಿ ಹೋಗು” ಎಂದು ಸಭೆಯ ಹಿರಿಯರು ಹೊಡೆಸಿಕೊಂಡವಳನ್ನು ಅದೇ ಮನೆಗೆ ಕಳಿಸಿದರೆ ಆ ಏಟಿನಲ್ಲಿ ಅವರ ಪಾಲೂ ಇದೆ. ಅವಳಿಗೆ 181 ಮಹಿಳಾ ಸಹಾಯವಾಣಿ ಗೊತ್ತಿರಬೇಕು, ಉಳಿಯಲು ಒಂದು ಮನೆ ಇರಬೇಕು. ಅವನ ಬದಲಾವಣೆಯನ್ನು ಅವಳು ತನ್ನ ಕಣ್ಣಿಂದ ನೋಡಿ ನಿರ್ಧರಿಸಲಿ.

ಜಾರುವುದು ಬಹಳ ಮಂದಿಗೆ ಆಗುತ್ತದೆ. ಸುದ್ದಿ ತಿಳಿದ ದಿನವೇ ಒಬ್ಬರು ಹೋಗಬೇಕು, ಅಮಲಿನಲ್ಲಿದ್ದವನಿಗೆ ಬೋಧನೆ ಮಾಡಬಾರದು. ಮರುದಿನ ಬೆಳಿಗ್ಗೆ ಎಷ್ಟು ದಿನ, ಎಷ್ಟು ಕುಡಿದ ಎಂದು ಕೇಳಿ, ಬೇಕಾದರೆ ಮತ್ತೆ ಆಸ್ಪತ್ರೆ. ಆಮೇಲೆ ಅದೇ “ಇವತ್ತು?” ಯೇಸುವನ್ನು ಅರಿಯೆನೆಂದು ಶಿಷ್ಯ ಪೇತ್ರ ಮೂರು ಸಲ ಅಲ್ಲಗಳೆದ ಮೇಲೂ ಯೇಸು ಅವನಿಗೆ ಕೆಲಸ ಒಪ್ಪಿಸಿದರು, ಮತ್ತೆ ಆಣೆ ಕೇಳಲಿಲ್ಲ. ಬರುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಅವರಿಗೆ ದೀಕ್ಷಾಸ್ನಾನದ ಮಾತೆತ್ತುವುದಿಲ್ಲ. ನೆರವಿಗೆ ಬೆಲೆ ಕಟ್ಟಿದರೆ ಅದು ಕೃಪೆಯಾಗುವುದಿಲ್ಲ.

ಕೊನೆಯದಾಗಿ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ಸಭೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ, ಪಾತ್ರೆ. ಹುಳಿತ ದ್ರಾಕ್ಷಾರಸದ ಒಂದು ಗುಟುಕೂ ಇವರಿಗೆ ಬೇಡ, ಅದರಲ್ಲೂ ಡೈಸಲ್ಫಿರಾಮ್ ತೆಗೆದುಕೊಳ್ಳುವವರಿಗೆ. ಅಮೆರಿಕದ ಮೆಥೊಡಿಸ್ಟ್ ಸಭೆಯ ಥಾಮಸ್ ವೆಲ್ಚ್ 1869ರಲ್ಲೇ ರಸವನ್ನು ಬಿಸಿಮಾಡಿ ಹುಳಿಯದಂತೆ ಇಡುವುದನ್ನು ಸಂಸ್ಕಾರಕ್ಕೆಂದೇ ಮಾಡಿ ತೋರಿಸಿದರು. ವಿಜಯಪುರದ ಕಪ್ಪು ದ್ರಾಕ್ಷಿ ಒಂದು ಕೆ.ಜಿ. ತೊಳೆದು, ಕಿವುಚಿ, ಸಣ್ಣ ಉರಿಯಲ್ಲಿ ಬಿಸಿಮಾಡಿ, ಬಟ್ಟೆಯಲ್ಲಿ ಸೋಸಿ, ಮತ್ತೊಮ್ಮೆ ಕುದಿ ಬರಿಸಿ, ಕುದಿಸಿದ ಬಾಟ್ಲಿಗೆ ಬಿಸಿಯಿರುವಾಗಲೇ ತುಂಬಿರಿ. ಹಸಿ ರಸವನ್ನು ಹಾಗೇ ಇಟ್ಟರೆ ನಮ್ಮ ಬೇಸಿಗೆಯಲ್ಲಿ ಒಂದೆರಡು ದಿನಕ್ಕೇ ಹುಳಿಯುತ್ತದೆ. ಇಡೀ ಸಭೆಗೆ ಇದೇ ರಸ ಇರಲಿ. ಅವನೊಬ್ಬನಿಗೆ ಬೇರೆ ಲೋಟ ಕೊಟ್ಟರೆ ಎಲ್ಲರ ಕಣ್ಣೂ ಅವನ ಮೇಲೆಯೇ. ಉಳಿದದ್ದನ್ನು ಮುಂದಿನ ತಿಂಗಳಿಗೆ ಎತ್ತಿಡಬೇಡಿ. ಪ್ರತಿ ಸಲ ಹೊಸದಾಗಿ ಮಾಡಿರಿ.