ಫ್ರಿಂಜ್‌ನಿಂದ ಪಟ್: ಪರ್ಸೆಂಟ್ ಬಿಡಿ, ಅಡಿ ಎಣಿಸಿ

ಪರದೆಯ ಮೀಟರ್ ನೋಡಿ ಹೊಡೆತದ ಬಲ ನಿಲ್ಲಿಸುವ, ವರ್ಲ್ಡ್ ಗಾಲ್ಫ್ ಟೂರ್‌ನಂಥ ವಿಡಿಯೊ ಗಾಲ್ಫ್ ಆಟಗಳಲ್ಲಿ ಗ್ರೀನ್ (ಕಪ್ ಇರುವ ನುಣುಪು ಹುಲ್ಲುಹಾಸು) ಮೇಲೆ ಪಟ್ ಮಾಡಿ, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಪಳಗಿದವರೂ ಫ್ರಿಂಜ್‌ಗೆ (ಗ್ರೀನ್ ಸುತ್ತಲಿನ ತುಸು ಉದ್ದ ಹುಲ್ಲಿನ ಅಂಚು) ಬಂದಾಗ ಎಡವುತ್ತಾರೆ. ಚೆಂಡು ಗ್ರೀನ್ ಅಂಚಿನಿಂದ ನಾಲ್ಕೇ ಅಡಿ ಹೊರಗಿರುತ್ತದೆ, ಹೊಡೆದದ್ದು ಕಪ್‌ಗೆ ಐದಡಿ ಮುಂಚೆ ನಿಂತುಬಿಡುತ್ತದೆ. ಮುಂದಿನ ಸಲ ಜೋರು ಮಾಡಿದರೆ ಎಂಟಡಿ ದಾಟಿ ಹೋಗುತ್ತದೆ. ಇದಕ್ಕೆ ಮುಖ್ಯ ಕಾರಣ ‘ಫ್ರಿಂಜ್ ಆದರೆ ಶೇ 20 ಸೇರಿಸಿ ಹೊಡಿ’ ಎನ್ನುವ ಬಾಯಿಪಾಠ.

ಈ ಸೂತ್ರ ಎಲ್ಲಿ ಕೈಕೊಡುತ್ತದೆ ನೋಡಿ. ಕಪ್ 30 ಅಡಿ ದೂರದಲ್ಲಿದೆ. ಒಮ್ಮೆ ಅದರಲ್ಲಿ 2 ಅಡಿ ಮಾತ್ರ ಫ್ರಿಂಜ್, ಇನ್ನೊಮ್ಮೆ 12 ಅಡಿ ಫ್ರಿಂಜ್. ಶೇ 20ರ ಲೆಕ್ಕದಲ್ಲಿ ಎರಡಕ್ಕೂ 36 ಅಡಿಯ ಬಲ. ಆದರೆ ಚೆಂಡಿನ ವೇಗ ಹೆಚ್ಚಾಗಿ ತಿನ್ನುವುದು ಫ್ರಿಂಜ್‌ನ ಉದ್ದನೆಯ ಹುಲ್ಲು ಮಾತ್ರ. ಗ್ರೀನ್‌ಗೆ ಇಳಿದ ಮೇಲೆ ಚೆಂಡು ಎಂದಿನಂತೆಯೇ ಉರುಳುತ್ತದೆ. ಹಾಗಾಗಿ ಒಟ್ಟು ದೂರಕ್ಕೆ ಏನನ್ನೂ ಸೇರಿಸಬೇಡಿ. ಫ್ರಿಂಜ್‌ನ ಅಡಿಗಳನ್ನು ಬೇರೆ ಮಾಡಿ, ಅವನ್ನು ಮಾತ್ರ ಗುಣಿಸಿ. ಗುಣಕ 1.5 ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 28 ಮತ್ತು 3 ಸೇರಿ 31 ಅಡಿ, ಎರಡನೆಯದಕ್ಕೆ 18 ಮತ್ತು 18 ಸೇರಿ 36 ಅಡಿ. ಬಾಯಿಪಾಠ ನಂಬಿದವರು ಮೊದಲ ಪಟ್ಟನ್ನು ಐದಡಿ ಹೆಚ್ಚು ಹೊಡೆದಿರುತ್ತಾರೆ.

ಗುಣಕವನ್ನು ನೀವೇ ಅಳೆದುಕೊಳ್ಳಬೇಕು. ಇನ್ನೊಬ್ಬರ ಅಂಕಿ ನಿಮ್ಮ ಆಟಕ್ಕೆ, ನಿಮ್ಮ ಪಟರ್‌ಗೆ (ಪಟ್ ಮಾಡುವ ಕೋಲು) ಹೊಂದುತ್ತದೆ ಎಂದು ಹೇಳಲಾಗದು. ಅಭ್ಯಾಸದ ಸುತ್ತಿನಲ್ಲಿ ಆದಷ್ಟು ಸಮತಟ್ಟಾದ ಗ್ರೀನ್ ಆರಿಸಿ. ಫ್ರಿಂಜ್‌ನಲ್ಲಿರುವ ಚೆಂಡಿನಿಂದ ಗ್ರೀನ್ ಅಂಚಿಗೆ ಎಷ್ಟು ಅಡಿ ಎಂದು ಮೊದಲು ಗುರುತಿಸಿ. ಗುರಿಯ ಗುರುತನ್ನು ಎಳೆಯಲು ಬರುವ ಆಟವಾದರೆ ಅದನ್ನು ಅಂಚಿನ ಮೇಲಿಟ್ಟರೆ ದೂರ ಸಿಗುತ್ತದೆ. ಬಾರದಿದ್ದರೆ, ಗ್ರೀನ್ ಮೇಲೆ ಆಟ ತೋರಿಸುವ ಚೌಕಗಳ ಗ್ರಿಡ್ ಎಲ್ಲಿ ಶುರುವಾಗುತ್ತದೆ ಎಂದು ನೋಡಿ, ಕಪ್‌ವರೆಗಿನ ಚೌಕಗಳನ್ನು ಎಣಿಸಿ ಅಡಿಗೆ ತಂದು, ಒಟ್ಟು ದೂರದಿಂದ ಕಳೆಯಿರಿ. ಚೆಂಡಿನ ಹಿಂದಿನ ಕ್ಯಾಮೆರಾದಲ್ಲಿ ಕಣ್ಣಳತೆಯನ್ನು ನಂಬಬೇಡಿ: ಹತ್ತಿರದ ಫ್ರಿಂಜ್ ಅಗಲವಾಗಿ, ದೂರದ ಗ್ರೀನ್ ಕುಗ್ಗಿ ಕಾಣುತ್ತದೆ. ಆಮೇಲೆ ಗ್ರೀನ್ ಮೇಲೆ ಸರಿಯಾಗಿ 25 ಅಡಿ ಹೋಗುವಷ್ಟು ಬಲದಲ್ಲಿ ಹೊಡೆಯಿರಿ. ಫ್ರಿಂಜ್ 5 ಅಡಿ ಇದ್ದು, ಚೆಂಡು ಗ್ರೀನ್ ಮೇಲೆ 17.5 ಅಡಿ ಉರುಳಿ ನಿಂತರೆ, ಆ 5 ಅಡಿ ಫ್ರಿಂಜ್ 7.5 ಅಡಿಯ ಬಲ ನುಂಗಿದೆ. ಗುಣಕ 1.5. ಐದಾರು ಸಲ ಹೊಡೆದು ನಡುವಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮೀಟರ್ ಗೆರೆ ತಪ್ಪಿದ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗ್ರೀನ್‌ನ ವೇಗ ಬದಲಾದರೆ ಗುಣಕವೂ ಬದಲಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಫ್ರಿಂಜ್ ಹುಲ್ಲು ಇದ್ದಂತೆಯೇ ಇದ್ದು ಗ್ರೀನ್ ಮಾತ್ರ ಜಾರುವಂತಾದರೆ, ಫ್ರಿಂಜ್‌ನ ಒಂದು ಅಡಿ ಗ್ರೀನ್‌ನ ಹೆಚ್ಚು ಅಡಿಗಳಿಗೆ ಸಮವಾಗುತ್ತದೆ. ಸ್ಟಿಂಪ್ (ಗ್ರೀನ್‌ನ ವೇಗದ ಅಳತೆ) 9ರಲ್ಲಿ 1.5 ಇದ್ದ ಗುಣಕ ಸ್ಟಿಂಪ್ 12ರಲ್ಲಿ 2ರ ಹತ್ತಿರ ಬರಬಹುದು. ವೇಗಕ್ಕೊಂದರಂತೆ ಬೇರೆ ಬೇರೆ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಟಿಂಪ್ ಎಂಬ ಮಾತು ಎಡ್ವರ್ಡ್ ಸ್ಟಿಂಪ್ಸನ್ ಹೆಸರಿನಿಂದ ಬಂತು. 1935ರಲ್ಲಿ ಓಕ್‌ಮಾಂಟ್‌ನಲ್ಲಿ ನಡೆದ ಯುಎಸ್ ಓಪನ್ ನೋಡಿದ ಮೇಲೆ ಅವರು ಗ್ರೀನ್‌ನ ವೇಗ ಅಳೆಯುವ ಕೋಲು ಮಾಡಿದರು. ಈಗಿನದು 36 ಇಂಚಿನ ಅಲ್ಯೂಮಿನಿಯಂ ಪಟ್ಟಿ. ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ಕಚ್ಚಿನಿಂದ ಬಿಟ್ಟು ಉರುಳುತ್ತದೆ, ಎಷ್ಟು ಅಡಿ ಹೋಯಿತೋ ಅದೇ ಸ್ಟಿಂಪ್. ನಮಗೆ ಈ ಅಂಕಿ ಏರು-ಇಳಿಜಾರಿನ ಲೆಕ್ಕಕ್ಕೆ ನೇರವಾಗಿ ಬೇಕು. ಕೋಲಿನಿಂದ ಬಿಟ್ಟ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 6 ಅಡಿ. ಅದರಿಂದ ಲೆಕ್ಕ ಹಾಕಿದರೆ, ಸ್ಟಿಂಪ್ 10ರ ಗ್ರೀನ್‌ನಲ್ಲಿ ಒಂದು ಇಂಚು ಏರು ಹೆಚ್ಚುಕಡಿಮೆ ಒಂದು ಅಡಿ ದೂರಕ್ಕೆ ಸಮ. ‘ಇಂಚಿಗೊಂದು ಅಡಿ’ ಎಂಬ ಆಟಗಾರರ ಮಾತು ಸರಿಯಾಗಿ ಹೊಂದುವುದು ಈ ವೇಗಕ್ಕೆ. ಸ್ಟಿಂಪ್ 12 ಆದರೆ ಇಂಚಿಗೆ 1.2 ಅಡಿ, 8 ಆದರೆ 0.8 ಅಡಿ. ಏರಿದ್ದರೆ ಕೂಡಿಸಿ, ಇಳಿದಿದ್ದರೆ ಕಳೆಯಿರಿ. ಏರು ಫ್ರಿಂಜ್‌ನಲ್ಲಿದ್ದರೂ ಗ್ರೀನ್‌ನಲ್ಲಿದ್ದರೂ ಈ ಲೆಕ್ಕ ಒಂದೇ, ಇದಕ್ಕೆ ಮತ್ತೆ ಗುಣಕ ಹಚ್ಚಬೇಡಿ. ಆಟ ವೇಗವನ್ನು ಫಾಸ್ಟ್, ಟೂರ್ನಮೆಂಟ್ ಎಂದು ಮಾತಿನಲ್ಲಿ ಮಾತ್ರ ತೋರಿಸಿದರೆ, ಏರಿನ ನಾಲ್ಕು ಪಟ್ ಹೊಡೆದು ಇಂಚಿಗೆ ಎಷ್ಟು ಅಡಿ ಬೇಕಾಯಿತು ಎಂದು ನೋಡಿಕೊಳ್ಳಿ.

ಒಂದು ಪೂರ್ತಿ ಲೆಕ್ಕ. ಕಪ್‌ಗೆ 30 ಅಡಿ, ಅದರಲ್ಲಿ ಫ್ರಿಂಜ್ 6 ಅಡಿ, 4 ಇಂಚು ಏರು, ಸ್ಟಿಂಪ್ 10, ಗುಣಕ 1.5. ಗ್ರೀನ್ 24, ಫ್ರಿಂಜ್ 9, ಏರಿಗೆ 4, ಒಟ್ಟು 37. ಚೆಂಡು ಕಪ್ ಬಾಯಲ್ಲೇ ಸಾಯದಿರಲು ಇನ್ನೊಂದು ಅಡಿ, 38. ಪಟರ್‌ನ ಮೀಟರ್ 50 ಅಡಿಯ ಅಳತೆಯದಾದರೆ (ಪೂರ್ತಿ ತುಂಬಿದರೆ 50 ಅಡಿಯ ಬಲ) ಶೇ 76ರಲ್ಲಿ ಬಿಡಬೇಕು. ಅದೇ ಪಟ್ಟನ್ನು 100 ಅಡಿಯ ಅಳತೆಯಲ್ಲಿ ಹೊಡೆದರೆ ಶೇ 38. ಅಲ್ಲಿ ಕೈ ಒಂದು ಪರ್ಸೆಂಟ್ ತಪ್ಪಿದರೆ ಒಂದು ಅಡಿ ಹೋಯಿತು, 50ರಲ್ಲಿ ಅರ್ಧ ಅಡಿ ಮಾತ್ರ. ಆದ್ದರಿಂದ ಲೆಕ್ಕ ಮುಗಿದ ಮೇಲೆಯೇ ಅಳತೆ ಆರಿಸಿ, ಬಲ ಹಿಡಿಸುವ ಅಳತೆಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ಫ್ರಿಂಜ್‌ನಲ್ಲಿ ಇದು ಇನ್ನೂ ಮುಖ್ಯ: 46 ಅಡಿಯ ಪಟ್ ಎಂದು 50ರ ಅಳತೆ ಹಿಡಿದವರಿಗೆ ಗುಣಿಸಿದ ಮೇಲೆ ಮೀಟರ್ ಸಾಲದೇ ಹೋಗುತ್ತದೆ.

ಬ್ರೇಕ್ (ಇಳಿಜಾರಿನಿಂದ ಚೆಂಡು ಪಕ್ಕಕ್ಕೆ ತಿರುಗುವುದು) ಓದುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಚೆಂಡು ಗ್ರೀನ್ ಅಂಚಿನಲ್ಲೇ ಇದೆ ಎಂದುಕೊಂಡು, ಅಲ್ಲಿಂದ ಕಪ್‌ವರೆಗೆ ಗ್ರಿಡ್ ಮೇಲೆ ಇಳಿಜಾರಿನತ್ತ ಹರಿಯುವ ಚುಕ್ಕೆಗಳ ಓಟ ಮಾತ್ರ ನೋಡಿ. ಅಲ್ಲಿಂದ ಹೊಡೆಯುವಾಗ ಕಪ್‌ನ ಬಲಗಡೆಗೆ 12 ಇಂಚು ಗುರಿ ಬೇಕೆಂದರೆ, ಫ್ರಿಂಜ್‌ನ ಚೆಂಡಿನಿಂದಲೂ ಅದೇ ಬಿಂದುವಿಗೆ ಗುರಿಯಿಡಿ. ಫ್ರಿಂಜ್ ದಾಟುವಾಗ ಚೆಂಡು ಅತಿ ವೇಗದಲ್ಲಿರುವುದರಿಂದ ಪಕ್ಕಕ್ಕೆ ಸರಿಯುವುದು ಕಡಿಮೆ. ಬಹುಪಾಲು ತಿರುವು ಕೊನೆಯ ಮೂರನೇ ಒಂದು ಭಾಗದಲ್ಲಿ, ಚೆಂಡು ನಿಧಾನವಾದ ಮೇಲೆ ಬರುತ್ತದೆ. 38 ಅಡಿಯ ಬಲ ಹಾಕುತ್ತಿದ್ದೇವಲ್ಲ ಎಂದು 38 ಅಡಿಯ ಪಟ್ಟಿನಷ್ಟು ಬ್ರೇಕ್ ಬಿಟ್ಟರೆ ಚೆಂಡು ಕಪ್‌ನ ಮೇಲ್ಬದಿಯಲ್ಲೇ ಉಳಿಯುತ್ತದೆ.

ಹೆಚ್ಚು ಕಷ್ಟ ಕೊಡುವುದು ದಿಬ್ಬ. ಫ್ರಿಂಜ್ ಏರಿ, ಗ್ರೀನ್ ಆಚೆ ಇಳಿಯುವ ಜಾಗಗಳಲ್ಲಿ ಆಟ ತೋರಿಸುವ ಎತ್ತರ ಚೆಂಡಿನಿಂದ ಕಪ್‌ವರೆಗಿನ ನಿವ್ವಳ ವ್ಯತ್ಯಾಸ ಮಾತ್ರ. ಸ್ಟಿಂಪ್ 12, ಗುಣಕ 2. ಮೊದಲು 6 ಅಡಿ ಫ್ರಿಂಜ್, 8 ಇಂಚು ಏರು. ಆಮೇಲೆ 15 ಅಡಿ ಗ್ರೀನ್, 14 ಇಂಚು ಇಳಿತ. ಪರದೆ ಹೇಳುವುದು ‘21 ಅಡಿ, 6 ಇಂಚು ಕೆಳಗೆ’. ಲೆಕ್ಕ ಹಾಕಿದರೆ 12 ಮತ್ತು 15 ಕೂಡಿ, 7.2 ಕಳೆದು, 19.8 ಅಡಿ. ಆದರೆ ದಿಬ್ಬದ ನೆತ್ತಿ ಮುಟ್ಟಲೇ ಫ್ರಿಂಜ್‌ಗೆ 12, ಏರಿಗೆ 9.6, ಒಟ್ಟು 21.6 ಅಡಿ ಬೇಕು! 19.8ರ ಹೊಡೆತ ನೆತ್ತಿ ಹತ್ತದೆ ಫ್ರಿಂಜ್‌ನಲ್ಲೇ ನಿಂತುಬಿಡುತ್ತದೆ. ಇಂಥಲ್ಲಿ ಎರಡು ಲೆಕ್ಕ ಮಾಡಿ, ದೊಡ್ಡದನ್ನು ಹಿಡಿಯಿರಿ. 22 ಅಡಿ ಹೊಡೆದರೆ ತಪ್ಪಿದ ಚೆಂಡು, ಕಪ್‌ನಾಚೆ ಸಮತಟ್ಟಾಗಿದ್ದರೆ, ಎರಡಡಿ ದಾಟಿ ನಿಲ್ಲುತ್ತದೆ. ಇಳಿಜಾರು ಮುಂದುವರಿದಿದ್ದರೆ ಅಷ್ಟಕ್ಕೆ ನಿಲ್ಲದು. ಆಗ ಪಟರ್ ಬಿಟ್ಟು ವೆಜ್‌ನಿಂದ (ಚೆಂಡನ್ನು ಮೇಲೆತ್ತುವ ಕೋಲು) ಚಿಪ್ ಮಾಡಿ, ಅಂದರೆ ತುಸು ಎತ್ತಿ ಹಾರಿಸಿ, ದಿಬ್ಬದಾಚೆ ಮೆತ್ತಗೆ ಇಳಿಸುವುದೇ ಮೇಲು.

ಚೆಂಡಿಗೂ ಫ್ರಿಂಜ್‌ಗೂ ನಡುವೆ ರಫ್‌ನ (ಇನ್ನೂ ಉದ್ದ ಬೆಳೆದ ಹುಲ್ಲಿನ) ಒಂದು ಎಳೆಯಿದ್ದರೂ ಪಟರ್ ಬೇಡ, ರಫ್‌ನ ಹಿಡಿತ ಪ್ರತಿ ಸಲ ಬದಲಾಗುವುದರಿಂದ ಗುಣಕ ನಿಲ್ಲುವುದಿಲ್ಲ. ಒಟ್ಟು ದೂರದಲ್ಲಿ ಫ್ರಿಂಜ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಚಿಪ್ ಕಡೆಗೂ ಒಮ್ಮೆ ನೋಡಿ, ಯಾಕೆಂದರೆ ಗುಣಕದ ಸಣ್ಣ ತಪ್ಪು ಅಲ್ಲಿ ದೊಡ್ಡದಾಗುತ್ತದೆ: 12 ಅಡಿ ಫ್ರಿಂಜ್‌ನಲ್ಲಿ 0.2 ತಪ್ಪಿದರೆ ಎರಡೂವರೆ ಅಡಿ ಹೋಯಿತು. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿರುವ ಕೋರ್ಸ್‌ಗಳಲ್ಲಿ ಮಾತ್ರ ಧೈರ್ಯವಾಗಿ ದೂರದಿಂದಲೂ ಪಟ್ ಮಾಡಬಹುದು. 2014ರ ಯುಎಸ್ ಓಪನ್‌ನಲ್ಲಿ ಮಾರ್ಟಿನ್ ಕೈಮರ್ ಪೈನ್‌ಹರ್ಸ್ಟ್ ನಂ. 2ರ ಗ್ರೀನ್‌ಗಳ ಹೊರಗಿನಿಂದ ಮತ್ತೆ ಮತ್ತೆ ಪಟರ್ ಹಿಡಿದೇ ಎಂಟು ಹೊಡೆತಗಳ ಅಂತರದಲ್ಲಿ ಗೆದ್ದರು. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲೂ ಇದು ರೂಢಿಯ ಹೊಡೆತ. ಆಟದಲ್ಲಿ ಅಲ್ಲಿಗೆ ಹೋದಾಗ ಫ್ರಿಂಜ್‌ಗೆ ಹಿಂದಿನ ಕೋರ್ಸ್‌ನ ಗುಣಕವನ್ನೇ ಹಾಕದೆ, ಮೊದಲ ಒಂದೆರಡು ಹೋಲ್‌ಗಳಲ್ಲಿ ಹೊಸದಾಗಿ ಅಳೆದುಕೊಳ್ಳಿ.