ಕರಾವಳಿ ಗದ್ದೆಗೆ ಬೀಜದ ಭತ್ತ: ಮನೆಯಲ್ಲೇ ಆರಿಸಿ ಇಟ್ಟುಕೊಳ್ಳುವ ಕ್ರಮ

ನಮ್ಮ ಗದ್ದೆ ಇರುವುದು ಬ್ರಹ್ಮಾವರದ ಹತ್ತಿರ, ಸೀತಾ ನದಿಯಿಂದ ಕೂಗಳತೆ ದೂರದಲ್ಲಿ. ಹೊಳೆ ಬದಿಗೆ ಬೈಲು, ಅದರ ಮೇಲೆ ಮಜಲು, ಮನೆ ಹಿಂದೆ ಬೆಟ್ಟು ಗದ್ದೆ. ಮೂರಕ್ಕೂ ನಾನು ಒಂದೇ ಬೀಜ ಹಾಕುವುದಿಲ್ಲ. ಹಾಕುವ ಬೀಜದಲ್ಲಿ ಹೆಚ್ಚಿನ ಪಾಲು ನಮ್ಮ ಗದ್ದೆಯದ್ದೇ. "ಅಕ್ಕ, ರೈತ ಸಂಪರ್ಕ ಕೇಂದ್ರದಲ್ಲಿ ಚೀಲ ಸಿಗುತ್ತಲ್ಲ, ಸುಮ್ನೆ ಯಾಕೆ ಈ ಕಷ್ಟ?" ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಹೊಸ ತಳಿ ಬೇಕಾದಾಗ ನಾನೂ ಅಲ್ಲಿಂದಲೇ ತರುತ್ತೇನೆ. ಆದರೆ ಮಳೆ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗೊತ್ತಿಲ್ಲದ ಈ ಕಾಲದಲ್ಲಿ ಅಟ್ಟದಲ್ಲಿ ಬೀಜ ಇದ್ದವರಿಗೇ ಧೈರ್ಯ.

ಮೊದಲೆಲ್ಲ ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದರೆ ಬಿತ್ತನೆಯ ಮಾತು ಶುರು. ಈಗ ಆ ಲೆಕ್ಕ ಹಿಡಿದು ಕೂತರೆ ಆಗುವುದಿಲ್ಲ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆಯಾದ ಆಗಸ್ಟ್. 2025ರಲ್ಲಿ ನೋಡಿದರೆ ಮೇ 24ಕ್ಕೇ ಕೇರಳದಲ್ಲಿ ಮುಂಗಾರು. 2020ರ ಸೆಪ್ಟೆಂಬರ್ 20ರಂದು ಉಡುಪಿ ಪೇಟೆಗೇ ನೆರೆ ಬಂದದ್ದು ಯಾರೂ ಮರೆತಿಲ್ಲ. ಪೈರು ಹೂ ಬಿಟ್ಟು ಹಾಲು ತುಂಬುವ ಹೊತ್ತು ಅದು. ಒಂದೇ ತಳಿಯನ್ನು ಒಂದೇ ದಿನ ನೆಟ್ಟವರಿಗೆ ಇಂಥ ಒಂದು ರಾತ್ರಿ ಸಾಕು.

ಇದು ನಮ್ಮ ಊರಿನ ತೊಂದರೆ ಮಾತ್ರ ಅಲ್ಲ. 2022ರ ಮಾರ್ಚ್‌ನಲ್ಲಿ ಉತ್ತರ ಭಾರತದ ಗೋಧಿಗೆ ಕಾಳು ತುಂಬುವ ಸಮಯದಲ್ಲೇ ವಿಪರೀತ ಬಿಸಿಲು ಬಿತ್ತು, ಕಾಳು ಸೊರಗಿತು. ಮೇ 13ಕ್ಕೆ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಮರುವರ್ಷ ಜುಲೈಯಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತಿಗೂ ತಡೆ ಬಂತು. ಮಧ್ಯಾಹ್ನ ಕುಚ್ಚಲಕ್ಕಿ ಊಟ, ರಾತ್ರಿ ಚಪಾತಿ ಎನ್ನುವ ಮಂಗಳೂರಿನ ಮನೆಗೆ ಎರಡೂ ಕಡೆಯಿಂದ ಪೆಟ್ಟು. ಗೋಧಿ ನಮ್ಮ ಕೈಯಲ್ಲಿಲ್ಲ. ಭತ್ತ ಇದೆ.

ಮೊದಲು ಗದ್ದೆ ನೋಡಿ, ಆಮೇಲೆ ತಳಿ

ಒಂದು ಮಳೆಗಾಲ ಪೂರ್ತಿ ಗದ್ದೆಯನ್ನು ಗಮನಿಸಿ. ಬೈಲಿನಲ್ಲಿ ಪೈರು ಮುಳುಗಿದರೆ ನೀರು ಇಳಿಯಲು ಎಷ್ಟು ದಿನ ಬೇಕು? ಬೆಟ್ಟಿನಲ್ಲಿ ಮಳೆ ಬಿಟ್ಟ ಎಷ್ಟನೇ ದಿನ ನೆಲ ಬಿರಿಯುತ್ತದೆ? ಇವೆರಡನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ತಳಿ ಆರಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ.

ಮಜಲಿಗೆ ನಮ್ಮ ಕಡೆ ಎಂಒ-4 ಎಲ್ಲರಿಗೂ ಗೊತ್ತು. ಕೇರಳದ ಮೊಂಕೊಂಬು ಕೇಂದ್ರದಿಂದ ಬಂದ ಕೆಂಪಕ್ಕಿ, ಕುಚ್ಚಲಕ್ಕಿಗೆ ಚೆನ್ನ. ನೆರೆ ನಿಲ್ಲುವ ಬೈಲಿಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಸಹ್ಯಾದ್ರಿ ಪಂಚಮುಖಿ ಕೊಟ್ಟಿದ್ದಾರೆ. ಅದೂ ಕೆಂಪಕ್ಕಿ, ವಾರದ ಮೇಲೆ ನೀರಲ್ಲಿ ಮುಳುಗಿದ್ದರೂ ಮತ್ತೆ ಚಿಗುರುತ್ತದೆ. ಬೆಟ್ಟಿಗೆ ಬೇಗ ಕೊಯ್ಲಿಗೆ ಬರುವ ತಳಿ ಬೇಕು, ಕೊನೆಯ ಮಳೆ ಕೈಕೊಟ್ಟರೂ ಕಾಳು ಗಟ್ಟಿಯಾಗಿರಬೇಕು. ಕಯಮೆ, ಕಜೆ ಇಂಥ ಹಳೆಯ ಬೀಜ ಯಾರ ಮನೆಯಲ್ಲಾದರೂ ಇದ್ದರೆ ಒಂದು ಸಣ್ಣ ತುಂಡು ಗದ್ದೆಯಲ್ಲಾದರೂ ಹಾಕಿ ಉಳಿಸಿಕೊಳ್ಳಿ.

ಹಳೆಯ ಬೀಜದ ಬೆಲೆ ಏನು ಎನ್ನುವುದಕ್ಕೆ ಒಡಿಶಾದ ಕತೆ ಸಾಕು. ಅಲ್ಲಿನ ರೈತರು ನೆರೆ ನಿಲ್ಲುವ ಗದ್ದೆಯಲ್ಲಿ ಧಲಪುಟಿಯಾ ಎಂಬ ಭತ್ತ ಬೆಳೆಯುತ್ತಿದ್ದರು. ಅದರಿಂದ ಆರಿಸಿದ ಎಫ್‌ಆರ್13ಎ ಎಂಬ ತಳಿಯಲ್ಲಿ ಮುಳುಗಡೆ ತಡೆಯುವ ಗುಣ ಇತ್ತು. 2006ರಲ್ಲಿ ವಿಜ್ಞಾನಿಗಳು ಅದರ ಜೀನ್ ಪತ್ತೆ ಮಾಡಿದರು, 2009ರಲ್ಲಿ ಆ ಜೀನ್ ಸೇರಿಸಿದ ಸ್ವರ್ಣ ಸಬ್1 ತಳಿ ನಮ್ಮ ದೇಶದ ರೈತರ ಕೈಗೆ ಬಂತು. ಸಾಮಾನ್ಯ ಭತ್ತ ಮುಳುಗಿದ ಕೂಡಲೇ ಉಸಿರಿಗಾಗಿ ಮೇಲೆ ಮೇಲೆ ಉದ್ದ ಬೆಳೆಯುತ್ತದೆ. ಒಳಗಿನ ಕಸುವೆಲ್ಲ ಅದಕ್ಕೇ ಖರ್ಚಾಗಿ, ನೀರು ಇಳಿದಾಗ ಮಲಗಿ ಕೊಳೆಯುತ್ತದೆ. ಈ ಜೀನ್ ಇರುವ ಭತ್ತ ಬೆಳೆಯದೆ ಸುಮ್ಮನೆ ಇರುತ್ತದೆ. ಉಳಿಸಿಕೊಂಡ ಕಸುವಿನಲ್ಲಿ ಆಮೇಲೆ ಚಿಗುರುತ್ತದೆ, ಎರಡು ವಾರದ ತನಕ ತಡೆಯುತ್ತದೆ. ಒಂದು ಮಾತು ನೆನಪಿರಲಿ: ಈ ಶಕ್ತಿ ಗಿಡ ಸಣ್ಣದಿರುವಾಗ ಮತ್ತು ತೆಂಡೆ ಒಡೆಯುವಾಗ (ಬುಡದಿಂದ ಮರಿ ಬರುವಾಗ) ಮಾತ್ರ. ಹೂ ಬಿಟ್ಟ ಮೇಲೆ ಮುಳುಗಿದರೆ ಯಾವ ತಳಿಯೂ ಕಾಪಾಡುವುದಿಲ್ಲ. ಅದಕ್ಕೆ ನೀರು ಹರಿದುಹೋಗುವ ತೋಡು ಬಿಡಿಸಿಡುವುದೊಂದೇ ದಾರಿ.

ಉಪ್ಪುನೀರು ಏರುವ ಗದ್ದೆಯವರು ಬೇರೆಯೇ ಯೋಚನೆ ಮಾಡಬೇಕು. ಭತ್ತಕ್ಕೆ ಉಪ್ಪು ತಡೆಯಲು ಆಗದ ಹೊತ್ತು ಎರಡು, ನೇಜಿಯಾಗಿದ್ದಾಗ (ನಾಟಿಯ ಸಸಿಯಾಗಿದ್ದಾಗ) ಮತ್ತು ಹೂವಾದಾಗ. ಮೊದಲ ಎರಡು ದೊಡ್ಡ ಮಳೆಗೆ ಗದ್ದೆ ಚೆನ್ನಾಗಿ ತೊಳೆದುಹೋಗಲಿ, ಆಮೇಲೆ ನೆಡಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಕೆಲಸ ಸಮಯಕ್ಕೆ ಸರಿಯಾಗಿ ಆಗುವಂತೆ ಊರವರೇ ಮುಂದೆ ನಿಲ್ಲಬೇಕು. ಹಲಗೆ ತಡವಾದರೆ ಸುಗ್ಗಿ (ಮಳೆಗಾಲ ಕಳೆದ ಮೇಲಿನ ಎರಡನೇ) ಬೆಳೆಗೆ ಸಿಹಿನೀರು ಇರುವುದಿಲ್ಲ. ಕುಮಟಾದ ಅಘನಾಶಿನಿ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ) ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ಮುಳುಗಡೆಯನ್ನೂ ತಡೆಯುತ್ತದೆ. ಅಂಥ ಗದ್ದೆ ಇರುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬರುವುದು ಒಳ್ಳೆಯದು.

ಬೀಜದ ಗದ್ದೆ

ಎಕರೆಗೆ ನಾಟಿಗೆ 25 ಕೆ.ಜಿ. ಬೀಜ ಬೇಕು. ನೀವು 40 ಕೆ.ಜಿ. ಇಡಿ. ಮೊದಲ ನೇಜಿ ಮಳೆಗೆ ಕೊಚ್ಚಿಹೋದರೆ ಎರಡನೇ ಸಲ ಹಾಕಲು ಬೇಕಾಗುತ್ತದೆ. ಇಷ್ಟಕ್ಕೆ ಐದು ಸೆಂಟ್ಸ್ ಜಾಗ ಧಾರಾಳ ಸಾಕು. ಅಂಚಿನ ಸಾಲು ಬಿಟ್ಟು ಗದ್ದೆಯ ನಡುವಿನದ್ದನ್ನೇ ಗುರುತು ಮಾಡಿ. ಅಂಚಿನ ಗಿಡಕ್ಕೆ ಬಿಸಿಲು, ಗೊಬ್ಬರ ಜಾಸ್ತಿ ಸಿಗುವುದರಿಂದ ಅದು ನೋಡಲು ಚೆಂದ ಕಾಣುತ್ತದೆ, ಅಷ್ಟೇ. ಭತ್ತ ತನ್ನ ಹೂವಿಗೆ ತಾನೇ ಪರಾಗ ಕೊಡುವ ಗಿಡ. ಹಾಗಾಗಿ ಪಕ್ಕದ ತಳಿಯಿಂದ ಮೂರು ಮೀಟರ್ ದೂರ ಇದ್ದರೆ ಬೆರಕೆಯ ಹೆದರಿಕೆ ಇಲ್ಲ. ಹೈಬ್ರಿಡ್ ಬೀಜ ಮಾತ್ರ ಹೀಗೆ ಇಡಬೇಡಿ, ಮರುವರ್ಷ ಒಂದೊಂದು ಗಿಡ ಒಂದೊಂದು ತರ ಬರುತ್ತದೆ.

ಈ ಐದು ಸೆಂಟ್ಸಿನಲ್ಲಿ ಮೂರು ಸಲ ನಡೆದಾಡಬೇಕು: ತೆಂಡೆ ಒಡೆಯುವಾಗ, ಹೂವಾದಾಗ, ಕೊಯ್ಲಿನ ಮೊದಲು. ಎಲ್ಲಕ್ಕಿಂತ ಎತ್ತರ ಎದ್ದದ್ದು, ಬುಡದ ಬಣ್ಣ ಬೇರೆ ಇದ್ದದ್ದು, ಕಾಳಿಗೆ ಮೀಸೆ ಬಂದದ್ದು, ವಾರ ಮೊದಲೇ ಹೂವಾದದ್ದು, ಇವನ್ನೆಲ್ಲ ಬುಡಸಮೇತ ಕಿತ್ತು ಗದ್ದೆಯ ಹೊರಗೆ ಹಾಕಿ. ಕೊಯ್ಲಿನ ಮೊದಲಿನ ಸಲ ಅನುಮಾನ ಬಂದ ತೆನೆಯನ್ನು ಬಗ್ಗಿಸಿ, ತುದಿಯ ಒಂದು ಕಾಳನ್ನು ಉಗುರಿನಲ್ಲಿ ಸುಲಿದು ನೋಡಿ. ಹೊಟ್ಟಿನ ಕೆಳಗೆ ಕೆಂಪು ಪೊರೆ ಇರಬೇಕಾದಲ್ಲಿ ಬಿಳಿ ಕಂಡರೆ ಆ ಗಿಡ ನಮ್ಮದಲ್ಲ. ಬೆಂಕಿರೋಗದ ಚುಕ್ಕೆ ಕಂಡ ಗಿಡದ ಬೀಜವೂ ಬೇಡ.

ನೆರೆ ಬಂದ ವರ್ಷ ಇನ್ನೊಂದು ಕೆಲಸ ಇದೆ, ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ನೀರು ಇಳಿದ ಮೇಲೆ ಮೊದಲು ತಲೆ ಎತ್ತಿದ, ಮಲಗದೆ ನಿಂತ ಗಿಡಗಳ ಪಕ್ಕ ಸಣ್ಣ ಕೋಲು ಊರಿ ಗುರುತು ಮಾಡಿ. ಕೊಯ್ಲಿನಲ್ಲಿ ಆ ತೆನೆಗಳನ್ನೇ ಬೇರೆ ಕಟ್ಟಿ. ಶುದ್ಧ ತಳಿಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಯಾಕೆಂದರೆ ಎಲ್ಲ ಗಿಡವೂ ಒಂದೇ. ಆದರೆ ಹಳೆಯ ನಾಡತಳಿಯೊಳಗೆ ಸಣ್ಣ ಸಣ್ಣ ಬೇಧ ತುಂಬಾ ಇರುತ್ತದೆ. ವರ್ಷ ವರ್ಷ ಹೀಗೆ ಆರಿಸಿದರೆ ಆ ಗದ್ದೆಗೆ ಹೊಂದುವ ಗಿಡಗಳೇ ಹೆಚ್ಚುತ್ತಾ ಹೋಗುತ್ತವೆ. ಒಂದೇ ಚೆಂದದ ಗಿಡದಿಂದ ಎಲ್ಲ ಬೀಜ ತೆಗೆಯಬೇಡಿ. ಇನ್ನೂರು ಮುನ್ನೂರು ಗಿಡಗಳಿಂದ ಒಂದೊಂದು ತೆನೆ ಬರಲಿ. ಮುಂದಿನ ವರ್ಷ ನೆರೆಯೇ ಬರಬೇಕೆಂದಿಲ್ಲ, ಬರವೂ ಬರಬಹುದು ಅಲ್ವಾ? ಆ ಬೇಧ ಒಳಗೆ ಉಳಿದಿರಬೇಕು.

ಕೊಯ್ದು, ಒಣಗಿಸಿ, ಇಡುವುದು

ತೆನೆಯಲ್ಲಿ ನೂರಕ್ಕೆ ಎಂಬತ್ತು ಕಾಳು ಹುಲ್ಲಿನ ಬಣ್ಣಕ್ಕೆ ಬಂದಾಗ ಕೊಯ್ಯಿರಿ. ಅಕ್ಟೋಬರಿನ ಮಳೆಗೆ ತೆನೆಯಲ್ಲೇ ಮೊಳಕೆ ಬರುವುದು ನಮ್ಮ ಕಡೆಯ ದೊಡ್ಡ ತಲೆನೋವು, ಹಾಗಾಗಿ ಎರಡು ದಿನ ಬಿಸಿಲು ಕಂಡರೆ ಬೀಜದ ಗದ್ದೆಯೇ ಮೊದಲು ಕೊಯ್ಲಾಗಲಿ. ಕಟಾವು ಯಂತ್ರಕ್ಕೆ ಇದನ್ನು ಕೊಡಬೇಡಿ, ಒಳಗೆ ಬೇರೆಯವರ ಗದ್ದೆಯ ಕಾಳು ಉಳಿದಿರುತ್ತದೆ. ತೆನೆ ಬಡಿಯುವ ಹಡಿಮಂಚಕ್ಕೆ ಹೊಡೆಯುವಾಗ ಮೊದಲ ಎರಡು ಮೂರು ಪೆಟ್ಟಿಗೆ ಉದುರುವ ಕಾಳು ಚೆನ್ನಾಗಿ ಬಲಿತದ್ದು. ಅತ್ತೆ ಅದನ್ನು ಮಾತ್ರ ಬೀಜಕ್ಕೆ ತೆಗೆದು, ಉಳಿದದ್ದನ್ನು ಊಟದ ರಾಶಿಗೆ ಸೇರಿಸುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ.

ಚಾಪೆಯ ಮೇಲೆ ತೆಳ್ಳಗೆ ಹರಡಿ, ಬೆಳಗ್ಗೆ ಮತ್ತು ಸಂಜೆಯ ಬಿಸಿಲಿಗೆ ಒಣಗಿಸಿ. ಮಧ್ಯಾಹ್ನ ಕಾಂಕ್ರೀಟ್ ಅಂಗಳದ ಕಾವಿಗೆ ಬೀಜದ ಜೀವ ಹೋಗುತ್ತದೆ. ಹಲ್ಲಲ್ಲಿ ಕಚ್ಚಿದರೆ ಕಟ್ ಎಂದು ತುಂಡಾಗಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ತೇವ 12ರಿಂದ 13 ಶೇಕಡಾಕ್ಕೆ ಇಳಿಯಬೇಕು. ಬೀಜದ ತೇವ ಶೇಕಡಾ ಒಂದು ಇಳಿದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೀಜದ ತಜ್ಞರ ಲೆಕ್ಕ. ಕರಾವಳಿಯ ಗಾಳಿಯಲ್ಲಿ ಆ ತೇವ ಮತ್ತೆ ಏರದಂತೆ ನೋಡಿಕೊಳ್ಳುವುದೇ ಕಷ್ಟ. ಹಿಂದೆ ಬೈಹುಲ್ಲಿನ ಮುಡಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆ ಮತ್ತು ಬಿಸಿ ಎರಡೂ ತಾಗುತ್ತಿತ್ತು. ಈಗ ಗ್ಯಾಸ್ ಒಲೆ. ಅದಕ್ಕೆ ಗಾಳಿಯಾಡದ ಮುಚ್ಚಳ ಇರುವ ಡ್ರಮ್ಮಿಗೆ ಬಾಯಿ ತನಕ ತುಂಬಿಸಿ, ನೆಲ ತಾಗದಂತೆ ಹಲಗೆಯ ಮೇಲೆ ಇಡಿ. ತಳಿ, ಗದ್ದೆ, ಕೊಯ್ದ ತಾರೀಕು ಬರೆದ ಚೀಟಿ ಒಳಗೊಂದು, ಹೊರಗೊಂದು.

ಬಿತ್ತನೆ ಹೊತ್ತಿಗೆ

ಮೇ ಮೊದಲ ವಾರ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. ಒಂದು ವಾರದಲ್ಲಿ ಎಂಬತ್ತಾದರೂ ಮೊಳೆತರೆ ಬೀಜ ಸರಿ ಇದೆ. ಕಡಿಮೆ ಬಂದರೆ ಬೇರೆ ಹುಡುಕಲು ಇನ್ನೂ ಸಮಯ ಇರುತ್ತದೆ.

ಜೊಳ್ಳು ತೆಗೆಯಲು ಉಪ್ಪುನೀರು. ಬಕೆಟ್ ನೀರಿಗೆ ಉಪ್ಪು ಹಾಕಿ ಕದಡುತ್ತಾ ಹೋಗಿ. ತಾಜಾ ಕೋಳಿಮೊಟ್ಟೆ ಮೇಲೆ ಬಂದು, ನೀರಿನ ಹೊರಗೆ ನಾಣ್ಯದಷ್ಟು ಅಗಲ ಕಾಣುವಾಗ ಉಪ್ಪು ಸಾಕು. ಭತ್ತ ಸುರಿದು ಕೈಯಾಡಿಸಿ, ತೇಲಿದ್ದನ್ನು ಬಾಚಿ ಕೋಳಿಗೆ ಹಾಕಿ. ಮುಳುಗಿದ್ದನ್ನು ಮೂರು ಸಲ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಮೊಳಕೆ ಸುಡುತ್ತದೆ. ಮತ್ತೆ ಒಂದು ದಿನ ನೆನೆಸಿ, ಬಸಿದು, ಕೆ.ಜಿ.ಗೆ 10 ಗ್ರಾಂ ಸ್ಯೂಡೋಮೊನಾಸ್ (ರೋಗ ತಡೆಯುವ ಜೈವಿಕ ಔಷಧಿ) ಪುಡಿ ಬೆರೆಸಿ, ಗೋಣಿಯಲ್ಲಿ ಕಟ್ಟಿ ಮೊಳಕೆಗೆ ಇಡಿ.

ನೇಜಿ ಒಂದೇ ದಿನ ಹಾಕಬೇಡಿ. ಹತ್ತು ಹನ್ನೆರಡು ದಿನದ ಅಂತರದಲ್ಲಿ ಎರಡು ಸಲ ಹಾಕಿ. ಎರಡು ಗದ್ದೆ ಬೇರೆ ಬೇರೆ ದಿನ ಹೂವಾದರೆ ಒಂದು ದೊಡ್ಡ ಮಳೆಗೆ ಎರಡೂ ಹೋಗುವುದಿಲ್ಲ. ಮಜಲಿಗೆ ಮೂರು ವಾರದ ನೇಜಿ ಸಾಕು. ನೆರೆ ನಿಲ್ಲುವ ಬೈಲಿಗೆ ಒಂದು ತಿಂಗಳಿನ ಗಟ್ಟಿ ನೇಜಿ ಇರಲಿ. ಮುಳುಗಿದ ಗದ್ದೆಗೆ ನೀರು ಇಳಿದ ಕೂಡಲೇ ಇಳಿಯಬೇಡಿ, ಯೂರಿಯಾ ಎರಚಬೇಡಿ. ಐದಾರು ದಿನ ಬಿಟ್ಟು ಹೊಸ ಎಲೆ ಬಂದ ಮೇಲೆ ಸ್ವಲ್ಪ ಯೂರಿಯಾ, ಸ್ವಲ್ಪ ಪೊಟ್ಯಾಷ್ ಕೊಡಿ.

ಸುಗ್ಗಿ ಬೆಳೆಗೆ ಸೆಖೆಯೇ ಶತ್ರು. ಭತ್ತದ ಹೂ ಅರಳುವುದು ಬೆಳಗಿನ ಒಂಬತ್ತು ಗಂಟೆಯಿಂದ ಮಧ್ಯಾಹ್ನದ ಒಳಗೆ. ಆಗ 35 ಡಿಗ್ರಿ ದಾಟಿದರೆ ಪರಾಗ ಸತ್ತು ಕಾಳು ಜೊಳ್ಳಾಗುತ್ತದೆ. ಕಾರ್ತಿ (ಮಳೆಗಾಲದ ಬೆಳೆ) ಕೊಯ್ಲು ಮುಗಿದ ಕೂಡಲೇ ಕಡಿಮೆ ದಿನದ ತಳಿ ನೆಟ್ಟು, ಫೆಬ್ರವರಿ ಬಿಸಿಲು ಏರುವ ಮೊದಲೇ ಹೂ ಮುಗಿಸಿ.

ನಿಮ್ಮ ಬೀಜವನ್ನು ನೆರೆಕರೆಯವರಿಗೆ ಕೊಡಲು, ಬದಲಿಸಿಕೊಳ್ಳಲು, ಮಾರಲೂ ಹಿಂದೆಮುಂದೆ ನೋಡಬೇಡಿ. ಬ್ರ್ಯಾಂಡ್ ಹೆಸರು ಹಾಕದೆ ಹೀಗೆ ಮಾಡುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ಕೊಟ್ಟಿದೆ. ಡ್ರಮ್ಮಿನ ಬೀಜದಲ್ಲಿ ನಾಲ್ಕನೇ ಒಂದು ಪಾಲನ್ನು ಹೊಳೆಯಿಂದ ದೂರ ಇರುವ ಒಬ್ಬ ನಂಟರ ಮನೆಯಲ್ಲಿ ಇಡಿ, ಅವರದ್ದೂ ಅಷ್ಟನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಚೀಟಿ ಹಾಕಲು ಮರೆಯಬೇಡಿ.