ದುಡ್ಡು ಕೊಟ್ಟು ತಂದ ಬಸವನಹುಳು

"ಲೋ, ದುಡ್ಡು ಕೊಟ್ಟು ಬಸವನಹುಳ ತಂದ್ಯಾ? ನಮ್ ತೋಟಕ್ಕೆ ಬಾ, ಒಂದು ಚೀಲ ಪುಕ್ಕಟೆ ತುಂಬಿ ಕೊಡ್ತೀನಿ" ಅಂತ ಸಕಲೇಶಪುರದ ಮಾವ ನಕ್ಕಿದ್ದರು. ಮಳೆಗಾಲ ಬಂದರೆ ಕಾಫಿ ಗಿಡದ ಬುಡದಲ್ಲಿ ಬಸವನಹುಳು ಆರಿಸಿ ಉಪ್ಪು ಹಾಕಿ ಕೊಲ್ಲುವುದೇ ಅವರಿಗೊಂದು ಕೆಲಸ. ನಾನೋ ಹಾಸನದ ಮನೆಯಲ್ಲಿ ಉಪ್ಪುನೀರಿನಲ್ಲೇ ಬಸವನಹುಳು ಸಾಕಲು ಹೊರಟಿದ್ದೆ.

ನನ್ನದು ಮೂರಡಿಯ ರೀಫ್ ಟ್ಯಾಂಕ್, ಅಂದರೆ ಹವಳದ ಜೀವಿಗಳನ್ನೂ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಕಲ್ಲು, ಮರಳು ಬಿಟ್ಟರೆ ಸುಮಾರು 150 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಸಿಗಡಿ, ಹವಳದ ಬಳಗದ ಒಂದಿಷ್ಟು ಜೊವಾಂಥಿಡ್, ಮಶ್ರೂಮ್. ಮೂರನೇ ವಾರಕ್ಕೆ ಮರಳಿನ ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಬಣ್ಣ ಕಟ್ಟಿತು. ಗಾಬರಿಯಾಗಿ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. "ಕ್ಲೀನಪ್ ಪ್ಯಾಕೇಜ್ ಇದೆ ಸಾರ್, 25 ಬಸವನಹುಳು, 10 ಸನ್ಯಾಸಿ ಏಡಿ" ಅಂದರು. ಸನ್ಯಾಸಿ ಏಡಿ ಅಂದರೆ ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಹರ್ಮಿಟ್ ಕ್ರ್ಯಾಬ್. ಹೋಗಿ ಥರ್ಮಕೋಲ್ ಡಬ್ಬದಲ್ಲಿ ತಂದೇಬಿಟ್ಟೆ.

ಆ ಕಂದು ಬಣ್ಣ ಡಯಾಟಮ್ ಎಂಬ ಪಾಚಿ. ನೀರಿನ ಸಿಲಿಕೇಟ್ ಬಳಸಿಕೊಂಡು ಬೆಳೆಯುತ್ತದೆ, ಅದು ಮುಗಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಇದು ಮಾಮೂಲು. ಹೋಯಿತು ಕೂಡ. ಉಳಿದದ್ದು 35 ಹಸಿದ ಹೊಟ್ಟೆ! ಗಾಜು ಫಳಫಳ ಹೊಳೆಯುತ್ತಿತ್ತು, ತಿನ್ನಲು ಏನೂ ಇರಲಿಲ್ಲ. ಬಸವನಹುಳುಗಳಲ್ಲಿ ಹೆಚ್ಚಿನವು ಆಸ್ಟ್ರೇಯಾ (Astraea) ಎಂಬ ಜಾತಿಯವು. ಇವು ಮರಳಿನ ಮೇಲೆ ಅಂಗಾತ ಬಿದ್ದರೆ ಮತ್ತೆ ಮಗುಚಿಕೊಳ್ಳಲಾರವು. ಬಿದ್ದವನ್ನು ಏಡಿಗಳು ತಿಂದವು. ಕೆಲವನ್ನು ಚಿಪ್ಪಿನ ಆಸೆಗೇ ಕೊಂದವು ಅಂತ ಕಾಣುತ್ತದೆ, ಯಾಕೆಂದರೆ ಮರುದಿನ ಅದೇ ಚಿಪ್ಪಿನಲ್ಲಿ ಏಡಿ ಓಡಾಡುತ್ತಿತ್ತು. ಕಲ್ಲಿನ ಸಂದಿಯಲ್ಲಿ ಸತ್ತವು ಕೊಳೆತು ಅಮೋನಿಯಾ ಏರಿತು. ಸ್ವಚ್ಛ ಮಾಡಲು ತಂದವೇ ಗಲೀಜಾದವು. ಅನುಮಾನ ಬಂದರೆ ಬಸವನಹುಳುವನ್ನು ಎತ್ತಿ ಮೂಸಿ ನೋಡಿ. ಸತ್ತಿದ್ದರೆ ಆ ನಾತ ಮರೆಯುವಂಥದ್ದಲ್ಲ.

ಎರಡನೇ ಪೆಟ್ಟು ನನ್ನ ಕೈಯಾರೆ ಆದದ್ದು. ನೀರು ಬದಲಿಸಲು ಇನ್ನೊಂದು ಬಕೆಟ್ ಬೇಕಿತ್ತು. ಮಾವನ ತೋಟದಿಂದ ತಂದೆ, ಸೋಪು ಹಾಕದೆ ನಾಲ್ಕು ಸಲ ತೊಳೆದೆ. ಅದರಲ್ಲೇ 15 ಲೀಟರ್ ಉಪ್ಪುನೀರು ಕಲಸಿ ಟ್ಯಾಂಕಿಗೆ ಸುರಿದೆ. ಬೆಳಿಗ್ಗೆ ನೋಡಿದರೆ ಸಿಗಡಿ ಸತ್ತಿತ್ತು, ಉಳಿದಿದ್ದ ಬಸವನಹುಳುಗಳೆಲ್ಲ ಗಾಜಿನಿಂದ ಉದುರಿದ್ದವು. ಮೀನುಗಳು ಮಾತ್ರ ಆರಾಮಾಗಿದ್ದವು. ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಶಾಖ 26 ಡಿಗ್ರಿ, ಎಲ್ಲ ಸರಿ ಇತ್ತು. ತಲೆ ಕೆಟ್ಟು ಕೂತಾಗ ಬಕೆಟ್ಟಿನ ಅಂಚಿನ ಒಳಮಡಿಕೆಯಲ್ಲಿ ನೀಲಿ ಕರೆ ಕಂಡಿತು. ಮೈಲುತುತ್ತ! ಮಳೆಗೆ ಮುಂಚೆ ಅಡಿಕೆಗೆ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಅದರಲ್ಲೇ ಕಲಸುತ್ತಿದ್ದರಂತೆ. ಮೈಲುತುತ್ತದಲ್ಲಿರುವುದು ತಾಮ್ರ. ಸಮುದ್ರ ಮೀನಿನ ಕೆಲವು ರೋಗಕ್ಕೆ ತಾಮ್ರವೇ ಔಷಧಿ, ಆದರೆ ಬಸವನಹುಳು, ಸಿಗಡಿ, ಏಡಿಗೆ ಚೂರು ಸೇರಿದರೂ ವಿಷ. ತೋಟದವರ ಮನೆಯ ಬಕೆಟ್, ಡ್ರಮ್, ಪೈಪು ಯಾವುದನ್ನೂ ಟ್ಯಾಂಕಿನ ಹತ್ತಿರ ತರಬೇಡಿ ಅಂತ ನಮ್ಮ ಮಲೆನಾಡಿನವರಿಗೆ ಕೈಮುಗಿದು ಹೇಳುತ್ತೇನೆ. ಮೂರು ಸಲ ಅರ್ಧರ್ಧ ನೀರು ಬದಲಿಸಿದೆ, ಫಿಲ್ಟರಿಗೆ ಇದ್ದಿಲು ಹಾಕಿದೆ, ಆರು ವಾರ ಕಾದೆ. ಆಮೇಲೆ ಒಂದೇ ಒಂದು ಬಸವನಹುಳು ಬಿಟ್ಟು ಹತ್ತು ದಿನ ನೋಡಿದೆ.

ಈ ಸಲ ಅಂಗಡಿಯವರ ಲೆಕ್ಕ ಬಿಟ್ಟು ನನ್ನ ಟ್ಯಾಂಕಿನ ಕೊಳೆಯ ಲೆಕ್ಕ ಹಾಕಿದೆ. ಮೀನಿಗೆ ಹಾಕಿದ ಊಟ ಮರಳಿಗೆ ಬೀಳುತ್ತಿತ್ತು, ಅದಕ್ಕೆ ನಸಾರಿಯಸ್ ಎಂಬ ಬಸವನಹುಳು ಐದು. ಇವು ಮರಳಿನೊಳಗೆ ಹೂತುಕೊಂಡು ಸೊಂಡಿಲು ಮಾತ್ರ ಹೊರಗಿಟ್ಟಿರುತ್ತವೆ. ಊಟದ ವಾಸನೆ ಬಂತೋ, ಮದುವೆ ಮನೆಯ ಪಂಕ್ತಿಗೆ ಎದ್ದ ಹಾಗೆ ಒಟ್ಟಿಗೆ ಮೇಲೆ ಬರುತ್ತವೆ. ಆದರೆ ಇವು ಪಾಚಿ ಮುಟ್ಟುವುದಿಲ್ಲ, ಗಾಜು ಸ್ವಚ್ಛವಾಗುತ್ತದೆ ಅಂತ ತಂದರೆ ಮೋಸ ಹೋಗುತ್ತೀರಿ. ಕಲ್ಲು, ಗಾಜು, ಮರಳಿನ ಪಾಚಿಗೆ ಸೆರಿತ್ ಬಸವನಹುಳು ನಾಲ್ಕು. ಬಿದ್ದರೆ ತಾವೇ ಮಗುಚಿಕೊಳ್ಳುತ್ತವೆ. ಹಿಂದಿನ ಗಾಜಿನ ಕೂದಲು ಪಾಚಿಗೆ ಟರ್ಬೊ ಬಸವನಹುಳು ಒಂದೇ ಒಂದು. ಮೇಯುವುದರಲ್ಲಿ ಎಮ್ಮೆ, ನಡೆಯುವುದರಲ್ಲೂ ಎಮ್ಮೆ. ಅಂಟಿಸದ ಜೊವಾಂಥಿಡ್ ಎಲ್ಲ ಬೀಳಿಸುತ್ತದೆ. ಸನ್ಯಾಸಿ ಏಡಿ ಎರಡು ಸಾಕು, ಪಕ್ಕದಲ್ಲಿ ಖಾಲಿ ಚಿಪ್ಪು ಏಳೆಂಟು ಇಟ್ಟಿದ್ದೇನೆ. ಅಂದಿನಿಂದ ಕೊಲೆ ಕಂಡಿಲ್ಲ.

ಮರಳು ಸ್ವಚ್ಛಕ್ಕೆ ಸಮುದ್ರ ಸೌತೆ (ಸೀ ಕುಕುಂಬರ್ ಎಂಬ ಜೀವಿ) ತನ್ನಿ ಅನ್ನುವವರಿದ್ದಾರೆ. ಬೇಡವೇ ಬೇಡ. 2001ರಿಂದ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಗಟ್ಟಿ ಹವಳಕ್ಕೂ ಇದೆ.

ತಂದವನ್ನು ನೇರವಾಗಿ ಟ್ಯಾಂಕಿಗೆ ಬಿಡುವುದಿಲ್ಲ. ಗಾಳಿ ಪೈಪಿಗೆ ಗಂಟು ಹಾಕಿ ಟ್ಯಾಂಕಿನ ನೀರನ್ನು ಅವುಗಳ ಡಬ್ಬಕ್ಕೆ ಹನಿಹನಿಯಾಗಿ ಒಂದೂವರೆ ಗಂಟೆ ಬಿಡುತ್ತೇನೆ. ಉಪ್ಪಿನಂಶ ತಟ್ಟನೆ ಬದಲಾದರೆ ಇವು ತಡೆಯುವುದಿಲ್ಲ. ಕೊನೆಗೆ ಕ್ಲೀನರ್ ಸಿಗಡಿಯನ್ನೂ ತಂದೆ. ಅದು ಮೀನಿನ ಮೈ ಶುಚಿ ಮಾಡುತ್ತದೆ, ಗಾಜಿನದಲ್ಲ. ಮೂರನೇ ವಾರ ಅದು ಪೊರೆ ಬಿಟ್ಟಾಗ ಸತ್ತೇಹೋಯಿತು ಅಂತ ಅಮ್ಮನನ್ನು ಕೂಗಿ ಕರೆದಿದ್ದೆ. ಅವರು ಬಂದು ನೋಡಿ, "ಅಲ್ನೋಡೋ, ಕಲ್ಲಿನ ಹಿಂದೆ ಇನ್ನೊಂದಿದೆ" ಅಂದರು. ಎರಡೂ ಒಂದೇ ಅಂತ ಅವರಿಗೆ ನಂಬಿಸಲು ಸಾಕಾಯಿತು.

ಈಗ ಹಿಂದಿನ ಗಾಜನ್ನು ಉಜ್ಜುವುದೇ ಇಲ್ಲ, ಅದು ಟರ್ಬೊ ಪಾಲು. ಅಲ್ಲೂ ಪಾಚಿ ತೆಳುವಾದರೆ ನೋರಿ ಎಂಬ ಒಣಗಿದ ಕಡಲಪಾಚಿ ಹಾಳೆಯ ಚೂರನ್ನು ರಬ್ಬರ್ ಬ್ಯಾಂಡಿನಲ್ಲಿ ಕಲ್ಲಿಗೆ ಕಟ್ಟಿ ಇಳಿಬಿಡುತ್ತೇನೆ. ಹೋದ ತಿಂಗಳು ಬಂದಿದ್ದ ಮಾವ ಅದನ್ನು ನೋಡಿ, "ದುಡ್ಡು ಕೊಟ್ಟು ತಂದದ್ದಲ್ಲದೆ ಊಟ ಬೇರೆ ಹಾಕ್ತೀಯಾ?" ಅಂದರು.